ಬಾಣಂತಿಯ ಪಥ್ಯ, ಬಾಣಂತಿಯ ಮನಸ್ಸು: 'ಶರಪಂಜರ'ದ ಒಂದು ಮರುವಿಮರ್ಶೆ

೧

ಕನ್ನಡ ಸಾಹಿತ್ಯದಲ್ಲಿ ತಾಯಿಗೆ ಸಲ್ಲತಕ್ಕ ಗೌರವ ಸಲ್ಲಿಲ್ಲವೆಂದು ಯಾರೂ ಹೇಳಲಾರರು. ಜನಪದ ತ್ರಿಪದಿಗಳಿಂದ ಹಿಡಿದು ನವೋದಯದ ಭಾವಗೀತೆಯವರೆಗೆ ತಾಯ್ತನದ ಸ್ತುತಿ ಎಡೆಬಿಡದೆ ಹರಿದುಬಂದಿದೆ. ಆದರೆ ತಾಯಿಯೆಂಬ ಪದವಿಯನ್ನು ಪಡೆಯುವ ಮುನ್ನ ಹೆಂಗಸು ದಾಟಿಬರುವ ಬಸಿರು, ಬಾಣಂತನಗಳೆಂಬ ಎರಡು ಅವಸ್ಥೆಗಳಿಗೆ ಆ ಸಾಹಿತ್ಯದಲ್ಲಿ ದೊರೆತ ಸ್ಥಾನವನ್ನು ಪರಿಶೀಲಿಸಿದರೆ ಒಂದು ವಿಚಿತ್ರವಾದ ಅಸಮತೆ ಕಣ್ಣಿಗೆ ಬೀಳುತ್ತದೆ. ಬಸುರಿಯ ಬಯಕೆಯನ್ನು ಕವಿಗಳು ಉತ್ಸಾಹದಿಂದ ವರ್ಣಿಸಿದ್ದಾರೆ. ತೊಟ್ಟಿಲ ಕೂಸನ್ನು ಮನತುಂಬಿ ಹಾಡಿ ಹರಸಿದ್ದಾರೆ. ಇವೆರಡರ ನಡುವೆ, ಗಾಳಿ ಸೋಕದ ಕೋಣೆಯಲ್ಲಿ, ಕೆಂಡದ ಕಾವಿನಲ್ಲಿ, ತಲೆಗೂ ಕಿವಿಗೂ ಬಟ್ಟೆ ಸುತ್ತಿಕೊಂಡು ನಲವತ್ತು ದಿನ ಮಲಗುವ ಹೆಂಗಸು ಏನನ್ನು ನೆನೆದಳು, ಯಾವುದಕ್ಕೆ ಅಂಜಿದಳು ಎಂಬುದು ಬಹುಮಟ್ಟಿಗೆ ಬರವಣಿಗೆಯ ಹೊರಗೇ ಉಳಿಯಿತು. ಅವಳು ಏನನ್ನು ಉಣ್ಣಬೇಕೆಂಬುದಕ್ಕೆ ಪ್ರತಿಯೊಂದು ಮನೆಯಲ್ಲೂ ಒಂದು ಶಾಸ್ತ್ರವಿತ್ತು. ಅವಳ ಮನಸ್ಸಿಗೆ ಶಾಸ್ತ್ರವೂ ಇರಲಿಲ್ಲ, ಕಾವ್ಯವೂ ಇರಲಿಲ್ಲ.

ತ್ರಿವೇಣಿಯವರ 'ಶರಪಂಜರ' ಈ ಮೌನವನ್ನು ಮುರಿದ ಕಾದಂಬರಿ. ಅದನ್ನು ಸಮಾಜದ ಕ್ರೌರ್ಯದ ಚಿತ್ರವೆಂದೂ ಮನೋವೈಜ್ಞಾನಿಕ ಕಾದಂಬರಿಯೆಂದೂ ಓದುವ ವಾಡಿಕೆ ಬೆಳೆದುಬಂದಿದೆ. ಎರಡೂ ಸರಿಯೇ. ಆದರೆ ಕಥಾನಾಯಕಿ ಕಾವೇರಿಯ ಚಿತ್ತ ಕದಡುವುದು ಹೆರಿಗೆಯ ತರುವಾಯ ಎಂಬ ಮುಖ್ಯ ಸಂಗತಿಯನ್ನು ಈ ಓದುಗಳು ಪೀಠಿಕೆಯಂತೆ ದಾಟಿ ಮುಂದೆ ಹೋಗುತ್ತವೆ. ಆ ಸಂಗತಿಯನ್ನೇ ನಡುವಿಗೆ ತಂದು ಓದಿದಾಗ ಕೃತಿಯ ಶಕ್ತಿಯೂ ಮಿತಿಯೂ ಬೇರೆ ಬೆಳಕಿನಲ್ಲಿ ಗೋಚರಿಸುತ್ತವೆ.

ಇಂಥ ಓದಿಗೆ ವಡೋದರೆಯ ಫತೇಗಂಜ್ ಒಂದು ಉಚಿತವಾದ ನೆಲೆ. ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾನಿಲಯದ ಕಚೇರಿ ಇರುವ ಈ ಬಡಾವಣೆಗೂ ಅದರ ಸುತ್ತಿನ ಪ್ರದೇಶಕ್ಕೂ ವಿದ್ಯೆ, ಉದ್ಯೋಗಗಳ ಸಲುವಾಗಿ ಅನೇಕ ಪ್ರಾಂತಗಳವರು ಬಂದು ನೆಲಸಿದ್ದಾರೆ. ಕನ್ನಡಿಗರೂ ಅವರಲ್ಲಿ ಸೇರಿದ್ದಾರೆ. ತವರಿನಿಂದ ದೂರವಿರುವ ಇಂಥ ಸಂಸಾರಗಳಲ್ಲಿ ಬಾಣಂತನದ ಪದಾರ್ಥಗಳು ಊರಿನಿಂದ ಡಬ್ಬಿಗಳಲ್ಲಿ ಬರುತ್ತವೆ. ಬಾಣಂತನ ಮಾಡುವ ಜನ ಅಷ್ಟು ಸುಲಭವಾಗಿ ಬರುವುದಿಲ್ಲ. ಆಹಾರ ಮತ್ತು ಆಸರೆ ಎಂಬ ಎರಡು ಅಂಗಗಳು ಹೀಗೆ ಒಂದರಿಂದೊಂದು ಕಳಚಿಕೊಂಡಾಗಲೇ ಮೊದಲಿನ ವ್ಯವಸ್ಥೆಯಲ್ಲಿ ಯಾವುದು ಏನನ್ನು ಮಾಡುತ್ತಿತ್ತು ಎಂಬುದು ಸ್ಪಷ್ಟವಾಗುತ್ತದೆ.

೨

ಮೊದಲು ಬಯಕೆಯ ವಿಷಯ. ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ ನಾಲ್ಕನೆಯ ತಿಂಗಳ ಗರ್ಭಿಣಿಗೆ ಎರಡು ಹೃದಯಗಳುಂಟೆಂದು ಹೇಳಿದೆ: ಒಂದು ತನ್ನದು, ಇನ್ನೊಂದು ಒಳಗಿನ ಕೂಸಿನದು. ಆದುದರಿಂದಲೇ ಅವಳು ದೌಹೃದಿನಿ. ಅವಳ ಬಯಕೆಯನ್ನು ತೀರಿಸದಿದ್ದರೆ ಕೂಸು ಅಂಗವಿಕಲವಾದೀತೆಂಬ ಎಚ್ಚರಿಕೆಯೂ ಅಲ್ಲಿದೆ. ಚರಕ ಸಂಹಿತೆ ಇನ್ನೂ ಸೂಕ್ಷ್ಮವಾಗಿ ವಿಚಾರಿಸುತ್ತದೆ. ಯಾವ ಯಾವ ಕಾರ್ಯಕ್ಕೆ ಯಾವುದು ಶ್ರೇಷ್ಠವೆಂದು ಎಣಿಸುವ ಸೂತ್ರಸ್ಥಾನದ ಪಟ್ಟಿಯಲ್ಲಿ ಗರ್ಭಧಾರಣೆಗೆ ಶ್ರೇಷ್ಠವೆಂದು ಹೆಸರಿಸಿರುವುದು ಹಾಲನ್ನೂ ಅಲ್ಲ, ತುಪ್ಪವನ್ನೂ ಅಲ್ಲ. ಸೌಮನಸ್ಯವನ್ನು, ಅಂದರೆ ಮನಸ್ಸಿನ ಪ್ರಸನ್ನತೆಯನ್ನು. ಗರ್ಭಿಣಿಯನ್ನು ಅಂಚಿನವರೆಗೆ ಎಣ್ಣೆ ತುಂಬಿದ ಪಾತ್ರೆಯಂತೆ ಕದಡದೆ ನಡೆಸಿಕೊಳ್ಳಬೇಕೆಂಬ ಉಪಮೆಯೂ ಅದೇ ಸಂಹಿತೆಯದು. ಉಪಮೆ ಸುಂದರವಾದದ್ದು. ಆದರೂ ಅದರ ಒಳಗಿನ ದೃಷ್ಟಿಯನ್ನು ವಿಮರ್ಶಕನು ಗಮನಿಸದೆ ಬಿಡುವಂತಿಲ್ಲ. ಅಲ್ಲಿ ಕಾಪಾಡಬೇಕಾದದ್ದು ಎಣ್ಣೆ, ಹೆಂಗಸು ಪಾತ್ರೆ.

ಈ ದೃಷ್ಟಿ ಕಥೆಯ ರೂಪವನ್ನು ತಾಳಿರುವುದನ್ನು ಗುಜರಾತಿನ ನೆಲದಲ್ಲೇ ಕಾಣಬಹುದು. ೧೨ನೆಯ ಶತಮಾನದ ಮಹಾವಿದ್ವಾಂಸ ಹೇಮಚಂದ್ರಾಚಾರ್ಯನು ತನ್ನ 'ಪರಿಶಿಷ್ಟಪರ್ವ'ದಲ್ಲಿ ಚಂದ್ರಗುಪ್ತ ಮೌರ್ಯನ ಜನನದ ಕಥೆಯನ್ನು ಹೇಳಿದ್ದಾನೆ. ಶ್ರವಣಬೆಳಗೊಳದ ಚಂದ್ರಗಿರಿಯ ಮೂಲಕ ಕನ್ನಡಿಗರಿಗೆ ಚಿರಪರಿಚಿತನಾದ ಅದೇ ಚಂದ್ರಗುಪ್ತ. ನವಿಲು ಸಾಕುವವರ ಹಳ್ಳಿಯೊಂದರಲ್ಲಿ ಮುಖಂಡನ ಮಗಳಿಗೆ ಬಸಿರಿನಲ್ಲಿ ಚಂದ್ರನನ್ನು ಕುಡಿಯಬೇಕೆಂಬ ಬಯಕೆಯಾಗುತ್ತದೆ. ಬಯಕೆ ತೀರದೆ ಆಕೆ ಸೊರಗುತ್ತಾಳೆ. ಭಿಕ್ಷುವೇಷದಿಂದ ಬಂದ ಚಾಣಕ್ಯನು, ಹುಟ್ಟುವ ಮಗುವನ್ನು ತನಗೆ ಕೊಡುವುದಾದರೆ ಬಯಕೆಯನ್ನು ತೀರಿಸುವೆನೆಂದು ಒಪ್ಪಂದ ಮಾಡಿಕೊಳ್ಳುತ್ತಾನೆ. ತೂತುಳ್ಳ ಚಪ್ಪರದ ಕೆಳಗೆ ಹಾಲಿನ ಪಾತ್ರೆಯನ್ನಿಟ್ಟು, ಹುಣ್ಣಿಮೆಯ ಚಂದ್ರನ ಬಿಂಬ ಅದರಲ್ಲಿ ಬೀಳುವಂತೆ ಮಾಡಿ, ಕುಡಿಯೆಂದು ಹೇಳುತ್ತಾನೆ. ಆಕೆ ಕುಡಿದಂತೆಲ್ಲ ಮೇಲೆ ಅಡಗಿದ್ದವನು ತೂತನ್ನು ಮುಚ್ಚುತ್ತ ಬರುತ್ತಾನೆ. ಚಂದ್ರನನ್ನು ಕುಡಿದೆನೆಂದು ಆಕೆ ತೃಪ್ತಳಾಗುತ್ತಾಳೆ.

ಆಹಾರ, ಮನಸ್ಸು ಎರಡನ್ನೂ ಒಂದೇ ಬಟ್ಟಲಲ್ಲಿ ಹಿಡಿದಿಟ್ಟ ಕಥೆ ಇದು. ಹೊಟ್ಟೆಗೆ ಹೋದದ್ದು ಹಾಲು. ಸೊರಗನ್ನು ನೀಗಿದ್ದು ಚಂದ್ರ. ಬರಿಯ ಹಾಲನ್ನು ಕುಡಿಸಿದ್ದರೆ ಆಕೆ ಚೇತರಿಸಿಕೊಳ್ಳುತ್ತಿರಲಿಲ್ಲವೆಂಬುದನ್ನು ಕಥೆ ಬಲ್ಲದು. ಆಕೆಯ ಮಾತನ್ನು ಹುಚ್ಚೆಂದು ತಳ್ಳಿಹಾಕದೆ ಕಿವಿಗೊಟ್ಟು ಕೇಳಿದವನು ಅಲ್ಲಿ ಒಬ್ಬನಾದರೂ ಇದ್ದಾನೆ. ಆದರೆ ಕೇಳಿದವನು ಬೆಲೆಯನ್ನೂ ಕೇಳಿದ್ದಾನೆ. ಆಕೆಗೆ ಹಾಲು, ಅವನಿಗೆ ಮಗ. ಬಯಕೆಯು ಹುಟ್ಟಲಿರುವ ಚಕ್ರವರ್ತಿಯ ಶಕುನವಾಗಿ ಮುಂದಿನ ಕಥೆಗೆ ಬೇಕಾಯಿತು. ಮಗುವನ್ನು ಮೊದಲೇ ಬರೆದುಕೊಟ್ಟ ತಾಯಿಯ ಗತಿ ಏನಾಯಿತೆಂದು ವಿಚಾರಿಸುವ ಗೋಜಿಗೆ ಕಥೆ ಹೋಗುವುದಿಲ್ಲ.

ಜನಪದದ ಆಚಾರ ಈ ವಿಷಯದಲ್ಲಿ ಗ್ರಂಥಗಳಿಗಿಂತ ಉದಾರವಾಗಿತ್ತೆಂದು ಹೇಳಬಹುದು. ಹಲಸಂಗಿ ಗೆಳೆಯರು ೧೯೩೧ರಲ್ಲಿ ಬೆಳಕಿಗೆ ತಂದ 'ಗರತಿಯ ಹಾಡು' ಓದಿದವರಿಗೆ ತವರಿನ ಹಂಬಲ, ತಾಯಿಯ ನೆನಪು, ಮಕ್ಕಳ ಆಸೆ ಇವು ಹೇಗೆ ಒಂದೇ ಉಸಿರಿನಲ್ಲಿ ಬರುತ್ತವೆಂಬುದು ತಿಳಿದಿದೆ. ಉತ್ತರ ಕರ್ನಾಟಕದ ಕುಬುಸದ ಕಾರ್ಯ, ಉಡಿ ತುಂಬುವ ಶಾಸ್ತ್ರ, ದಕ್ಷಿಣದ ಸೀಮಂತ, ಹೂ ಮುಡಿಸುವ ಶಾಸ್ತ್ರ, ಗುಜರಾತಿನ 'ಖೋಳೋ ಭರವೋ' ಇವೆಲ್ಲ ಒಂದೇ ಬಳ್ಳಿಯ ಕಾಯಿಗಳು. 'ಖೋಳೋ' ಎಂದರೂ ಮಡಿಲೇ. ಇವುಗಳಲ್ಲಿ ಬಸುರಿಯನ್ನು ನಡುವೆ ಕೂರಿಸಿ, ಏನು ಬೇಕು ಎಂದು ಬಾಯಿಬಿಟ್ಟು ಕೇಳುವ ಒಂದು ಗಳಿಗೆಯುಂಟು. ಸೊಸೆಯಾದವಳನ್ನು ಅಷ್ಟು ಜನರೆದುರು ಹಾಗೆ ಕೇಳುವ ಪ್ರಸಂಗ ಹಳೆಯ ಸಂಸಾರದಲ್ಲಿ ಎಷ್ಟು ವಿರಳವಾಗಿತ್ತೆಂಬುದನ್ನು ನೆನೆದರೆ ಆ ಪ್ರಶ್ನೆಯ ಬೆಲೆ ತಿಳಿಯುತ್ತದೆ. ಹೆರಿಗೆಯಾದ ಮರುದಿನದಿಂದ ಆ ಪ್ರಶ್ನೆ ನಿಂತುಹೋಗುತ್ತದೆ. ಅಲ್ಲಿಂದ ಮುಂದೆ ಬಯಕೆಯ ಜಾಗದಲ್ಲಿ ಪಥ್ಯ ಬಂದು ಕೂರುತ್ತದೆ.

೩

ಪಥ್ಯವನ್ನು ಸಾರಾಸಗಟಾಗಿ ಹಳಿಯುವುದು ಆಧುನಿಕರ ಒಂದು ದುಡುಕು. ಕನ್ನಡಿಗರ ಅಂಟಿನುಂಡೆ, ಕೊಬ್ಬರಿ ಬೆಲ್ಲ, ಬೆಳ್ಳುಳ್ಳಿ, ಮೆಂತ್ಯ, ಅಳವಿಯ ಪಾಯಸ, ಸಬ್ಬಸಿಗೆ, ಮೆಣಸಿನ ಸಾರುಗಳನ್ನೂ, ಗುಜರಾತಿನ ಗುಂದರ್ ಪಾಕ್, ಕಾಟಲು, ಸುವಾ, ಶೀರೋ, ಬೆಲ್ಲ ತುಪ್ಪ ಶುಂಠಿ ಬೆರೆಸಿದ ರಾಬ್ ಇವುಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಆಶ್ಚರ್ಯಕರವಾದ ಸಾಮ್ಯ ತೋರುತ್ತದೆ. ಅಂಟು, ಸಬ್ಬಸಿಗೆ, ಒಣಶುಂಠಿ, ಬೆಲ್ಲ, ತುಪ್ಪ ಎರಡೂ ಕಡೆ ಉಂಟು. ಹೆರಿಗೆಯಲ್ಲಿ ರಕ್ತ ಕಳೆದುಕೊಂಡು, ದಿನಕ್ಕೆ ಹಲವು ಬಾರಿ ಹಾಲೂಡುವ ದೇಹಕ್ಕೆ ಹೆಚ್ಚಿನ ಶಕ್ತಿ ಬೇಕೆಂಬ ಅನುಭವಜ್ಞಾನ ಇದರ ಹಿಂದಿದೆ. ೨೦೨೦ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ ಪ್ರಕಟಿಸಿದ ಪ್ರಮಾಣಗಳ ಪ್ರಕಾರ ಬಸುರಿಗೆ ದಿನವೊಂದಕ್ಕೆ ೩೫೦ ಕ್ಯಾಲೊರಿ ಹೆಚ್ಚಾಗಿ ಬೇಕು. ಹಾಲೂಡುವ ತಾಯಿಗೆ ಮೊದಲ ಆರು ತಿಂಗಳು ೬೦೦ ಹೆಚ್ಚಾಗಿ ಬೇಕು. ಬಸಿರಿಗಿಂತ ಬಾಣಂತನಕ್ಕೆ ಹೆಚ್ಚಿನ ಆಹಾರ ಬೇಕೆಂಬುದನ್ನು ಅಜ್ಜಿಯರು ಅಂಕಿಗಳಿಲ್ಲದೆ ತಿಳಿದಿದ್ದರು.

ಆದರೆ ಪಥ್ಯಕ್ಕೆ ಇನ್ನೊಂದು ಮುಖವೂ ಇದೆ. ಬಾಣಂತಿಗೆ ನೀರು ಕೊಡಬಾರದು, ತರಕಾರಿ ಶೀತ, ಬೇಳೆ ವಾಯು, ಹಣ್ಣು ಕೂಸಿಗೆ ನೆಗಡಿ ಎಂದು ಒಂದೊಂದಾಗಿ ಕಳೆಯುತ್ತ ಹೋದರೆ ಕೆಲವು ಮನೆಗಳಲ್ಲಿ ತಟ್ಟೆಯಲ್ಲಿ ಉಳಿಯುವುದು ಬಿಳಿಯ ಅನ್ನ, ತುಪ್ಪ, ಸಾರಿನ ತಿಳಿ ಮಾತ್ರ. ಪಾಲಿಶ್ ಮಾಡಿದ ಅಕ್ಕಿಯನ್ನು ಮತ್ತೆ ಮತ್ತೆ ತೊಳೆದು ಗಂಜಿ ಬಸಿದರೆ ಥಯಮಿನ್ ಎಂಬ ಬಿ ವರ್ಗದ ಜೀವಸತ್ವ ಬಹುಪಾಲು ಹೋಗಿಬಿಡುತ್ತದೆ. ಇಂಥ ಕಟ್ಟುನಿಟ್ಟಿನ ಪಥ್ಯದಲ್ಲಿದ್ದ ತಾಯಂದಿರ ಎದೆಹಾಲನ್ನೇ ನೆಚ್ಚಿದ್ದ ಕೂಸುಗಳಲ್ಲಿ ಥಯಮಿನ್ ಕೊರತೆಯ ಗಂಭೀರ ರೋಗಗಳನ್ನು ಕರ್ನಾಟಕದ ಮಕ್ಕಳ ವೈದ್ಯರು ಈ ಶತಮಾನದಲ್ಲಿಯೂ ಗುರುತಿಸಿ ವರದಿ ಮಾಡಿದ್ದಾರೆ. ಕೂಸಿನ ಹಿತಕ್ಕೆಂದು ತಾಯಿಯ ಬಾಯಿ ಕಟ್ಟಿದ್ದು ಕೂಸಿಗೇ ಮುಳುವಾದ ಉದಾಹರಣೆ ಇದು. ರಕ್ತಹೀನತೆಯ ಲೆಕ್ಕವೂ ಸಮಾಧಾನಕರವಾಗಿಲ್ಲ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಭಾರತದ ಗರ್ಭಿಣಿಯರಲ್ಲಿ ಶೇಕಡ ೫೨ರಷ್ಟು ಮಂದಿಗೆ, ಕರ್ನಾಟಕದಲ್ಲಿ ಶೇಕಡ ೪೫ಕ್ಕೂ ಹೆಚ್ಚು ಮಂದಿಗೆ, ಗುಜರಾತಿನಲ್ಲಿ ಶೇಕಡ ೬೨ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ ಕಂಡುಬಂದಿತು. ಹಾಲು ತುಪ್ಪಗಳಿಗೆ ಹೆಸರಾದ ನಾಡಿನಲ್ಲಿ ಈ ಸ್ಥಿತಿ ಇರುವುದು ಚಿಂತನೀಯ.

ಗೃಹಕೃತ್ಯವನ್ನು ಶಾಸ್ತ್ರದ ಮಟ್ಟಕ್ಕೆ ಏರಿಸಿ ಈ ವಿಷಯಗಳನ್ನು ಅಧ್ಯಯನ ಮಾಡುವ ಕೆಲಸಕ್ಕೆ ವಡೋದರೆ ಒಂದು ಮುಖ್ಯ ಕೇಂದ್ರವಾಯಿತು. ೧೯೪೯ರಲ್ಲಿ ವಿಶ್ವವಿದ್ಯಾನಿಲಯ ಸ್ಥಾಪಿತವಾದಾಗ ಅದರ ಮೊದಲ ಕುಲಪತಿಗಳಾದವರು ಹಂಸಾ ಮೆಹತಾ. ೧೯೪೮ರ ವಿಶ್ವ ಮಾನವಹಕ್ಕುಗಳ ಘೋಷಣೆಯ ಮೊದಲ ವಿಧಿಯಲ್ಲಿ ಪುರುಷವಾಚಕವಾದ ಶಬ್ದವನ್ನು ತೆಗೆಸಿ, ಎಲ್ಲ ಮಾನವಜೀವಿಗಳೂ ಎಂಬರ್ಥದ ಶಬ್ದವನ್ನು ಸೇರಿಸಲು ಕಾರಣರಾದವರು ಅವರೇ. ಅವರ ಕಾಲದಲ್ಲಿ ಗೃಹವಿಜ್ಞಾನಕ್ಕೆ ಇಲ್ಲಿ ಪ್ರತ್ಯೇಕ ನಿಕಾಯವೇ ರೂಪುಗೊಂಡಿತು; ಈಗ ಅದಕ್ಕೆ ಕುಟುಂಬ ಮತ್ತು ಸಮುದಾಯ ವಿಜ್ಞಾನಗಳ ನಿಕಾಯವೆಂದು ಹೆಸರು. ಆಹಾರ ಮತ್ತು ಪೋಷಣೆ ಅಲ್ಲಿ ಒಂದು ವಿಭಾಗ. ಮಾನವ ವಿಕಾಸ ಇನ್ನೊಂದು. ವಿದ್ಯಾಪೀಠಗಳಲ್ಲಿ ಇಂಥ ವಿಂಗಡಣೆ ಅನಿವಾರ್ಯ. ಬಾಣಂತಿಯ ಕೋಣೆಯಲ್ಲಿ ಮಾತ್ರ ಎರಡೂ ಒಂದೇ ದೇಹದಲ್ಲಿ ಮಲಗಿರುತ್ತವೆ.

ಹಾಗಾದರೆ ತಟ್ಟೆಗೂ ಮನಸ್ಸಿಗೂ ಸಂಬಂಧವೇನು? ಈ ಪ್ರಶ್ನೆಗೆ ದೊರೆತಿರುವ ಉತ್ತರ ಅತ್ಯುತ್ಸಾಹಿಗಳನ್ನು ತೃಪ್ತಿಪಡಿಸಲಾರದು. ಕಬ್ಬಿಣದ ಕೊರತೆಯಿಂದ ಆಯಾಸ, ಆಲಸ್ಯ, ಏಕಾಗ್ರತೆಯ ನಾಶ ಉಂಟಾಗುತ್ತವೆ. ರಕ್ತಹೀನತೆಗೂ ಹೆರಿಗೆಯ ನಂತರದ ಖಿನ್ನತೆಗೂ ನಂಟಿರುವುದನ್ನು ಹಲವು ಅಧ್ಯಯನಗಳು ಕಂಡಿವೆ. ಸಸ್ಯಾಹಾರಿಗಳಿಗೆ ಹಾಲು ಮೊಸರುಗಳ ಹೊರತು ಸಿಗುವುದು ದುರ್ಲಭವಾದ ಬಿ೧೨ ಜೀವಸತ್ವ ಕಡಮೆಯಾದರೆ ನರಗಳೂ ಮನಸ್ಸೂ ಬಳಲುತ್ತವೆ. ಹೆರಿಗೆಯ ತರುವಾಯ ಕೆಲವರಲ್ಲಿ ಥೈರಾಯ್ಡ್ ಗ್ರಂಥಿ ಏರುಪೇರಾಗಿ ಖಿನ್ನತೆಯ ವೇಷವನ್ನು ತೊಡುವುದೂ ಉಂಟು. ಆದರೆ ಇಂಥ ಉಂಡೆ ತಿಂದರೆ ಖಿನ್ನತೆ ಬಾರದು, ಇಂಥ ಎಣ್ಣೆ ಸೇವಿಸಿದರೆ ಚಿತ್ತ ಕೆಡದು ಎಂಬ ಮಾತಿಗೆ ಆಧಾರವಿಲ್ಲ. ಒಳ್ಳೆಯ ಆಹಾರ ಮನಸ್ಸಿಗೆ ಬೇಕಾದ ನೆಲವನ್ನು ಸಿದ್ಧಪಡಿಸುತ್ತದೆ. ಆ ನೆಲದ ಮೇಲೆ ಏನು ಬೆಳೆಯುವುದೆಂಬುದು ಬೇರೆ ಕಾರಣಗಳಿಗೂ ಸೇರಿದ್ದು.

೧೯೮೭ರಲ್ಲಿ ಎಡಿನ್‌ಬರೋದಲ್ಲಿ ಸಿದ್ಧವಾದ ಹತ್ತು ಪ್ರಶ್ನೆಗಳ ಮಾಪಕವೊಂದು ಈಗ ಲೋಕದ ಹಲವಾರು ಭಾಷೆಗಳಲ್ಲಿ, ಕನ್ನಡ ಗುಜರಾತಿಗಳಲ್ಲಿಯೂ, ಬಾಣಂತಿಯ ಖಿನ್ನತೆಯನ್ನು ಗುರುತಿಸಲು ಬಳಕೆಯಲ್ಲಿದೆ. ಕಳೆದ ಏಳು ದಿನಗಳಲ್ಲಿ ನಗಲು ಸಾಧ್ಯವಾಯಿತೇ, ಕಾರಣವಿಲ್ಲದೆ ನಿನ್ನನ್ನು ನೀನೇ ದೂರಿಕೊಂಡೆಯಾ ಎಂಬಂಥ ಪ್ರಶ್ನೆಗಳು ಅದರಲ್ಲಿವೆ. ಹಸಿವಿನ ಬಗ್ಗೆ, ದಣಿವಿನ ಬಗ್ಗೆ ಅದು ಬೇಕೆಂದೇ ಏನನ್ನೂ ಕೇಳುವುದಿಲ್ಲ. ಏಕೆಂದರೆ ಬಾಣಂತನದಲ್ಲಿ ಇವು ಆರೋಗ್ಯವಂತರಲ್ಲೂ ಏರಿಳಿಯುತ್ತವೆ. ಕನ್ನಡದ ಮನೆಗಳಲ್ಲಾದರೋ ಬಾಣಂತಿಯ ಯೋಗಕ್ಷೇಮವನ್ನು ಅಳೆಯುವ ಏಕಮಾತ್ರ ಪ್ರಶ್ನೆ, ಊಟ ಸೇರುತ್ತದೆಯೇ ಎಂಬುದು. ತಟ್ಟೆ ಖಾಲಿಯಾದರೆ ಬಾಣಂತಿ ಸುಖವಾಗಿದ್ದಾಳೆಂದು ತೀರ್ಮಾನ. ಪಥ್ಯದ ಶಾಸ್ತ್ರಕ್ಕೂ ಮನಸ್ಸಿನ ವಾಸ್ತವಕ್ಕೂ ನಡುವಿನ ಕಂದರ ಇಲ್ಲಿದೆ. ತ್ರಿವೇಣಿಯವರ ಕೃತಿ ಇಣುಕಿ ನೋಡುವುದೂ ಈ ಕಂದರವನ್ನೇ.

೪

ಅನಸೂಯಾ ಶಂಕರ್ ಎಂಬ ನಿಜನಾಮದ ತ್ರಿವೇಣಿಯವರು ೧೯೨೮ರಲ್ಲಿ ಹುಟ್ಟಿದವರು. ಮನಶ್ಶಾಸ್ತ್ರವನ್ನು ವ್ಯಾಸಂಗ ಮಾಡಿದವರು. 'ಬೆಕ್ಕಿನ ಕಣ್ಣು' ಮುಂತಾದ ಕೃತಿಗಳಲ್ಲಿ ಅವರು ಸಂಸಾರದ ಒಳಗೆ ಕದಡುವ ಮನಸ್ಸನ್ನು ಕಥಾವಸ್ತುವಾಗಿ ಮಾಡಿಕೊಂಡರು. 'ಶರಪಂಜರ'ದ ಕಾವೇರಿ ಒಲಿದು ಮದುವೆಯಾದವಳು. ಗಂಡ ಸತೀಶನೊಡನೆ ಸುಖವಾಗಿ ಬಾಳಿದವಳು. ಹೆರಿಗೆಯ ನಂತರ ಆಕೆಯ ಬುದ್ಧಿ ಸ್ವಾಧೀನ ತಪ್ಪುತ್ತದೆ. ಮದುವೆಗೆ ಮುಂಚಿನ ಒಂದು ಕಹಿ ಪ್ರಸಂಗ ಅಂತರಾಳದಿಂದ ಎದ್ದು ಬರುತ್ತದೆ. ಮಾನಸಿಕ ಚಿಕಿತ್ಸಾಲಯದಲ್ಲಿ ಗುಣಹೊಂದಿ ಆಕೆ ಮನೆಗೆ ಹಿಂದಿರುಗುತ್ತಾಳೆ. ಆದರೆ ಮನೆ ಆಕೆಯನ್ನು ಹಿಂದಿರುಗಿದವಳೆಂದು ಒಪ್ಪುವುದಿಲ್ಲ. ಗಂಡ, ಬಂಧುಗಳು, ನೆರೆಹೊರೆಯವರು ಎಲ್ಲರ ಕಣ್ಣಿಗೂ ಆಕೆಯ ಪ್ರತಿಯೊಂದು ಮಾತೂ ಹುಚ್ಚಿನ ಲಕ್ಷಣವಾಗಿ ತೋರುತ್ತದೆ. ಗಂಡನು ಬೇರೊಬ್ಬಳಲ್ಲಿ ಅನುರಕ್ತನಾಗಿರುವುದೂ ತಿಳಿದ ಮೇಲೆ ಆಕೆಯ ಮನಸ್ಸು ಮತ್ತೆ ಮುರಿಯುತ್ತದೆ. ೧೯೭೧ರಲ್ಲಿ ಪುಟ್ಟಣ್ಣ ಕಣಗಾಲರು ಇದನ್ನು ತೆರೆಗೆ ತಂದಾಗ ಕಲ್ಪನಾ ಅವರ ಅಭಿನಯದಿಂದ ಕಾವೇರಿ ಕನ್ನಡಿಗರ ಮನೆಮಾತಾದಳು.

ಹೆರಿಗೆಯ ನಂತರದ ಮನಃಕ್ಲೇಶವನ್ನು ವೈದ್ಯರು ಸಾಮಾನ್ಯವಾಗಿ ಮೂರು ಬಗೆಯಾಗಿ ವಿಂಗಡಿಸುತ್ತಾರೆ. ಮೊದಲ ಕೆಲವು ದಿನಗಳಲ್ಲಿ ಅರ್ಧಕ್ಕೂ ಹೆಚ್ಚು ತಾಯಂದಿರಿಗೆ ಬರುವ ಕಾರಣವಿಲ್ಲದ ಅಳು ಒಂದು. ಅದು ತಾನಾಗಿ ಹೋಗುತ್ತದೆ. ವಾರಗಟ್ಟಲೆ, ತಿಂಗಳುಗಟ್ಟಲೆ ಉಳಿಯುವ ಖಿನ್ನತೆ ಎರಡನೆಯದು. ಮೂರನೆಯದು ಸಾವಿರ ಹೆರಿಗೆಗಳಲ್ಲಿ ಒಂದೆರಡು ಕಡೆ, ಬಹುಶಃ ಮೊದಲ ಎರಡು ವಾರಗಳೊಳಗೆ, ಹಠಾತ್ತನೆ ಎರಗುವ ಚಿತ್ತವಿಕಾರ. ಕನ್ನಡದಲ್ಲಿ ಬಾಣಂತಿ ಸನ್ನಿಯೆಂದು ಹೆಸರಾದದ್ದು. ಫ್ರಾನ್ಸಿನ ವೈದ್ಯ ಮಾರ್ಸೆ ೧೮೫೮ರಲ್ಲಿಯೇ ಬಸುರಿ ಬಾಣಂತಿಯರ ಮನೋರೋಗವನ್ನು ಕುರಿತು ಒಂದು ಗ್ರಂಥ ಬರೆದಿದ್ದನು. ಕಾವೇರಿಯ ರೋಗ ಈ ಮೂರನೆಯ ಬಗೆಗೆ ಸಮೀಪವಾದದ್ದು. ಅದು ತಾಯಿಗೂ ಕೂಸಿಗೂ ಪ್ರಾಣಾಪಾಯವನ್ನು ತರಬಲ್ಲದು; ತಕ್ಷಣ ಚಿಕಿತ್ಸೆ ದೊರೆತರೆ ಬಹುಮಟ್ಟಿಗೆ ಗುಣವೂ ಆಗುತ್ತದೆ. ಬಾಣಂತಿ ಸನ್ನಿಯನ್ನು ದೆವ್ವದ ಚೇಷ್ಟೆಯೆಂದೂ ಪಥ್ಯ ಮೀರಿದ ಫಲವೆಂದೂ ತಿಳಿಯುತ್ತಿದ್ದ ಸಮಾಜಕ್ಕೆ, ಇದು ವಾಸಿಯಾಗುವ ಕಾಯಿಲೆ ಎಂದು ಒಂದು ಕಾದಂಬರಿ ಹೇಳಿದ್ದು ಸಾಮಾನ್ಯವಾದ ಸಾಹಸವಲ್ಲ. ಶೀತ ಪದಾರ್ಥ ತಿಂದಳು, ಗಾಳಿಗೆ ಬಂದಳು ಎಂದು ತಪ್ಪನ್ನು ಬಾಣಂತಿಯ ಬಾಯಿಗೇ ಕಟ್ಟುವ ಪದ್ಧತಿಯನ್ನು ತ್ರಿವೇಣಿಯವರ ಕಥಾನಕ ಬದಿಗೊತ್ತುತ್ತದೆ. ಇದು ಕೃತಿಯ ಮೊದಲನೆಯ ಹಿರಿಮೆ.

ಎರಡನೆಯ ಹಿರಿಮೆ, ಕಥೆಯ ಭಾರವನ್ನು ರೋಗದ ಮೇಲೆ ಹೇರದೆ ಗುಣವಾದ ಮೇಲಿನ ಬಾಳಿನ ಮೇಲೆ ಇರಿಸಿದ್ದು. ಬಾಣಂತನದ ವ್ಯವಸ್ಥೆಗೆ ನಲವತ್ತು ದಿನಗಳ ಗಡಿಯಿದೆ. ಗುಜರಾತಿಗರ ಲೆಕ್ಕದಲ್ಲಿ ಸವಾ ಮಹಿನೋ. ಆ ಗಡಿ ದಾಟಿದ ಮೇಲೆ ಹೆಂಗಸು ಮೊದಲಿನಂತಾದಳೆಂದು ಎಲ್ಲರ ಭಾವನೆ. ಗೋವೆಯ ಜಿಲ್ಲಾ ಆಸ್ಪತ್ರೆಯೊಂದರಲ್ಲಿ ೨೫೨ ತಾಯಂದಿರನ್ನು ಕುರಿತು ವಿಕ್ರಮ್ ಪಟೇಲ್ ಮತ್ತು ಅವರ ಸಹೋದ್ಯೋಗಿಗಳು ನಡೆಸಿ ೨೦೦೨ರಲ್ಲಿ ಪ್ರಕಟಿಸಿದ ಅಧ್ಯಯನ ಈ ಭಾವನೆಯನ್ನು ಅಲ್ಲಗಳೆಯುತ್ತದೆ. ಹೆರಿಗೆಯಾದ ೬–೮ ವಾರಗಳಲ್ಲಿ, ಎಂದರೆ ಪಥ್ಯ ಮುಗಿಯುವ ಹೊತ್ತಿಗೆ, ಅವರಲ್ಲಿ ಶೇಕಡ ೨೩ರಷ್ಟು ಮಂದಿಗೆ ಖಿನ್ನತೆಯಿತ್ತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆರು ತಿಂಗಳಾದರೂ ಚೇತರಿಸಿಕೊಂಡಿರಲಿಲ್ಲ. ಬಡತನ, ಗಂಡನೊಡನೆ ವಿರಸ, ಗಂಡುಮಗುವನ್ನು ಹಾರೈಸಿದ ಮನೆಯಲ್ಲಿ ಹೆಣ್ಣು ಹುಟ್ಟಿದ್ದು ಇವು ಅದರೊಡನೆ ಹೆಣೆದುಕೊಂಡಿದ್ದವು. ೨೦೧೭ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾದ, ಭಾರತದ ೩೮ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಸಮೀಕ್ಷೆಯಲ್ಲಿ ಪ್ರಮಾಣ ಶೇಕಡ ೨೨. ಐವರು ಬಾಣಂತಿಯರಲ್ಲಿ ಒಬ್ಬಳಿಗಿಂತ ಹೆಚ್ಚು ಎಂದಾಯಿತು. ಸನ್ನಿಯಂತೆ ಕಣ್ಣಿಗೆ ಹೊಡೆಯುವ ರೋಗವಲ್ಲ ಇದು. ಉಂಡು, ಹಾಲೂಡಿಸಿ, ಮಾತಿಲ್ಲದೆ ಮಲಗುವವರ ರೋಗ.

ಇನ್ನು ಕೃತಿಯ ಮಿತಿ. ಕಾವೇರಿಯ ಚಿತ್ತಕ್ಷೋಭೆಗೆ ಕಥೆ ಆಕೆಯ ಪೂರ್ವಜೀವನದ ಗುಪ್ತ ಘಟನೆಯನ್ನು ಬೇರಾಗಿ ತೋರಿಸುತ್ತದೆ. ಕಥನದ ದೃಷ್ಟಿಯಿಂದ ಇದು ಪರಿಣಾಮಕಾರಿಯಾದ ತಂತ್ರ. ಅದುಮಿಟ್ಟ ನೆನಪು ರೋಗವಾಗಿ ಹೊರಬರುತ್ತದೆಂಬ, ಆ ಕಾಲದ ಮನಶ್ಶಾಸ್ತ್ರಕ್ಕೆ ಪ್ರಿಯವಾಗಿದ್ದ ತತ್ತ್ವಕ್ಕೂ ಇದು ಒಪ್ಪುತ್ತದೆ. ಆದರೆ ಇದರ ಫಲವ���ಗಿ ಹೆರಿಗೆಯು ಕಾರಣದ ಸ್ಥಾನದಿಂದ ಇಳಿದು ನಿಮಿತ್ತದ ಸ್ಥಾನಕ್ಕೆ ಬರುತ್ತದೆ. ಹೊಸ ತಿಳಿವಳಿಕೆಯ ಪ್ರಕಾರ ಈ ರೋಗಕ್ಕೆ ಹೆಚ್ಚಾಗಿ ಗುರಿಯಾಗುವವರು ಉನ್ಮಾದ–ವಿಷಾದಗಳ ದ್ವಿಧ್ರುವೀಯ ರೋಗದ ಹಿನ್ನೆಲೆಯುಳ್ಳವರು, ವಂಶದಲ್ಲಿ ಅಂಥ ರೋಗವಿದ್ದವರು. ಹೆರಿಗೆಯೊಡನೆ ದೇಹದ ರಸಗಳು ಥಟ್ಟನೆ ಇಳಿಯುವುದು, ರಾತ್ರಿಗಳ ನಿದ್ದೆ ಕೆಡುವುದು ಇವೂ ಅದಕ್ಕೆ ಸಹಕಾರಿಗಳು. ಅದಕ್ಕೆ ಪಾಪದ ಗುಟ್ಟು ಬೇಕಾಗಿಲ್ಲ. ರಹಸ್ಯವಿಲ್ಲದ, ನಿಷ್ಕಳಂಕವಾದ, ಸುಖಸಂಸಾರದ ಹೆಂಗಸಿಗೂ ಅದು ಬಂದೀತು. ಈ ಅಂಶ ಮರೆಯಾದರೆ ವಾಚಕನ ಮನಸ್ಸಿನಲ್ಲಿ ಒಂದು ಅನಿಷ್ಟವಾದ ಅನುಮಾನ ಉಳಿಯುತ್ತದೆ: ಬುದ್ಧಿಗೆಟ್ಟ ಬಾಣಂತಿಯ ಹಿಂದೆ ಏನೋ ಒಂದು ಕಥೆ ಇದ್ದಿರಲೇಬೇಕು ಎಂಬುದು. ಯಾವ ಸಂಶಯದ ದೃಷ್ಟಿಯನ್ನು ಖಂಡಿಸಲು ಲೇಖಕಿ ಕಾದಂಬರಿಯನ್ನು ಬರೆದರೋ ಅದೇ ದೃಷ್ಟಿಗೆ ಕಥೆಯ ಒಂದು ಬಾಗಿಲು ಹೀಗೆ ತೆರೆದುಕೊಂಡಿದೆ. ಚಲನಚಿತ್ರದಲ್ಲಿ ಆ ಬಾಗಿಲು ಇನ್ನಷ್ಟು ಅಗಲವಾಯಿತು. ಗತವನ್ನು ಕಣ್ಣೆದುರಿಗೆ ತೋರಿಸುವುದು ಚಿತ್ರಮಾಧ್ಯಮದ ಸಹಜವಾದ ಆಸೆ.

ಕಾದಂಬರಿ ವೈದ್ಯಗ್ರಂಥವಲ್ಲ, ಅದನ್ನು ಆಸ್ಪತ್ರೆಯ ತಕ್ಕಡಿಯಲ್ಲಿ ತೂಗಬಾರದೆಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪಣೆ ಒಪ್ಪತಕ್ಕದ್ದೇ. ಆದರೆ ಇಲ್ಲಿ ಎತ್ತಿದ ದೋಷ ವೈದ್ಯಕೀಯ ಮಾತ್ರವಾದದ್ದಲ್ಲ, ಕಲಾತ್ಮಕವಾದದ್ದೂ ಹೌದು. ಗುಟ್ಟಿನ ಮೇಲೆ ಗಮನ ಹರಿದಷ್ಟೂ ಬಾಣಂತಿಯ ಕೋಣೆಯ ಮೇಲಿನ ಗಮನ ಕುಗ್ಗುತ್ತದೆ. ಆಕೆಯ ಮನಸ್ಸು ಕವಲೊಡೆದ ಆ ಮೊದಲ ರಾತ್ರಿಗಳಲ್ಲಿ ಮನೆಯವರು ಆಕೆಯೊಡನೆ ಏನು ಮಾತಾಡಿದರು, ಆಕೆಯ ಮಾತಿಗೆ ಯಾರು ಕಿವಿಗೊಟ್ಟರು ಎಂಬುದೇ ದುರಂತದ ಮೊದಲ ಅಂಕವಾಗಬಹುದಾಗಿತ್ತು. ಚಿಕಿತ್ಸಾಲಯದಿಂದ ಬಂದ ಮೇಲೆ ಕೇಳುವವರಿಲ್ಲದ ಕಾವೇರಿಯನ್ನು ಲೇಖಕಿ ಮರೆಯಲಾಗದಂತೆ ಚಿತ್ರಿಸಿದ್ದಾರೆ. ಆ ಕಿವುಡುತನ ಪಥ್ಯದ ದಿನಗಳಲ್ಲೇ ಆರಂಭವಾಗಿರಬೇಕೆಂಬ ಸೂಚನೆಯನ್ನು ಓದುಗನು ತಾನೇ ಕಂಡುಕೊಳ್ಳಬೇಕಾಗಿದೆ.

ತ್ರಿವೇಣಿಯವರು ಈ ವಸ್ತುವಿಗೆ ಮರಳಿ ಬರಲು ಕಾಲ ಅವಕಾಶ ಕೊಡಲಿಲ್ಲ. ೧೯೬೩ರ ಜುಲೈಯಲ್ಲಿ, ಮಗಳಿಗೆ ಜನ್ಮವಿತ್ತ ಕೆಲವೇ ದಿನಗಳಲ್ಲಿ, ಮೂವತ್ತೈದು ತುಂಬುವ ಮೊದಲೇ ಅವರು ತೀರಿಕೊಂಡರು. ಬಾಣಂತಿಯ ಮನಸ್ಸಿಗೆ ಕನ್ನಡದಲ್ಲಿ ಮೊದಲಾಗಿ ಮಾತು ಕೊಟ್ಟವರು ಬಾಣಂತನದಲ್ಲಿಯೇ ಅಳಿದದ್ದು ಕನ್ನಡ ಸಾಹಿತ್ಯಚರಿತ್ರೆಯ ಒಂದು ಕಠೋರವಾದ ಸಂಗತಿ.

೫

ಕಾವೇರಿಯ ಕಾಲದಿಂದ ಈಚೆಗೆ ಕೆಲವು ಬದಲಾವಣೆಗಳಾಗಿವೆ. ೧೯೫೪ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ೧೯೭೪ರಲ್ಲಿ ನಿಮ್ಹಾನ್ಸ್ ಆಯಿತು. ೨೦೦೯ರಲ್ಲಿ ಅಲ್ಲಿ ತಾಯಿಯನ್ನೂ ಕೂಸನ್ನೂ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ಮಾಡುವ ವಿಭಾಗ ಪ್ರಾರಂಭವಾಯಿತು. ೨೦೧೭ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ ಚಿಕಿತ್ಸೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅಗಲಿಸಕೂಡದು. ಅದೇ ವರ್ಷ ಕರ್ನಾಟಕ ಸರಕಾರ 'ಮಾತೃಪೂರ್ಣ' ಯೋಜನೆಯನ್ನು ಜಾರಿಗೆ ತಂದು, ಬಸುರಿ ಬಾಣಂತಿಯರು ಅಂಗನವಾಡಿಯಲ್ಲಿ ಕುಳಿತು ಬಿಸಿಯೂಟ ಮಾಡುವ ಏರ್ಪಾಟು ಮಾಡಿತು. ಆಹಾರವನ್ನು ಮನೆಗೆ ಕೊಟ್ಟರೆ ಅದು ಎಲ್ಲರಲ್ಲಿ ಹಂಚಿಹೋಗುತ್ತದೆಂಬುದು ಆ ಏರ್ಪಾಟಿನ ಹಿಂದಿನ ವಿಚಾರ. ಅದರಿಂದ ಇನ್ನೊಂದು ಪ್ರಯೋಜನವೂ ಒದಗಬಲ್ಲದು: ಒಂದೇ ಸ್ಥಿತಿಯ ನಾಲ್ಕಾರು ಹೆಂಗಸರು ಒಂದೆಡೆ ಕುಳಿತು ಉಂಡಾಗ ಮಾತೂ ಹುಟ್ಟುತ್ತದೆ.

ಫತೇಗಂಜಿನಂಥ ಕಡೆ ನೆಲಸಿದ ಕನ್ನಡ ಸಂಸಾರಗಳ ಪ್ರಶ್ನೆ ಇಲ್ಲಿಯೇ ತೀವ್ರವಾಗುತ್ತದೆ. ಹಳೆಯ ಬಾಣಂತನದಲ್ಲಿ ಎಣ್ಣೆ ತಿಕ್ಕಿ ನೀರೆರೆಯುವ ಅಜ್ಜಿ ಉಣಿಸುವುದರ ಜೊತೆಗೆ ಗಂಟೆಗಟ್ಟಲೆ ಹರಟುತ್ತಿದ್ದಳು. ತನ್ನ ಹೆರಿಗೆಗಳ ಕಥೆ ಹೇಳುತ್ತಿದ್ದಳು. ಬಾಣಂತಿಯ ಅಳುವನ್ನು ತನ್ನ ಕಾಲದಲ್ಲೂ ಕಂಡದ್ದೆಂದು ಹಗುರ ಮಾಡುತ್ತಿದ್ದಳು. ಅಂಥ ಅಜ್ಜಿ ಎಲ್ಲ ಮನೆಗಳಲ್ಲೂ ದಯಾಳುವಾಗಿರಲಿಲ್ಲವೆಂಬುದೂ ನಿಜ. ಆದರೂ ಅವಳು ಬಾಣಂತಿಯ ಮಾತಿನಲ್ಲೇ ಮಾತಾಡುತ್ತಿದ್ದಳು. ವಡೋದರೆಯ ಮನೆಯಲ್ಲಿ ಎಣ್ಣೆ ತಿಕ್ಕಲು ಬರುವ ಬೆನ್ ಕೈಚಳಕದಲ್ಲಿ ಯಾರಿಗೂ ಕಡಮೆಯಲ್ಲ. ಸುವಾ, ಗುಂದರ್ ಪಾಕುಗಳ ಗುಣವನ್ನು ಅವಳು ಅಕ್ಕರೆಯಿಂದಲೇ ಹೇಳುತ್ತಾಳೆ. ಧಾರವಾಡದ ಅಂಟಿನುಂಡೆಗೂ ಅವಳ ಗುಂದರ್ ಪಾಕಿಗೂ ಅನುವಾದ ಬೇಕಾಗಿಲ್ಲ, ನಾಲಗೆಯೇ ಅನುವಾದಿಸಿಕೊಳ್ಳುತ್ತದೆ. ಸಂಕಟಕ್ಕೆ ಹಾಗಲ್ಲ. ಪೇಟೆಯಲ್ಲಿ ಸರಾಗವಾಗಿ ಗುಜರಾತಿ ಮಾತಾಡುವ ಹೆಂಗಸೂ ರಾತ್ರಿಯ ಮೂರು ಗಂಟೆಗೆ, ಎಚ್ಚರವಾಗಿರುವ ಕೂಸಿನ ಎದುರು, ತನಗೆ ಏನಾಗುತ್ತಿದೆಯೆಂದು ಹೇಳಲು ತನ್ನ ನುಡಿಯನ್ನೇ ಹುಡುಕುತ್ತಾಳೆ. ಮಾಪಕದ ಹತ್ತು ಪ್ರಶ್ನೆಗಳು ಎರಡು ಭಾಷೆಗಳಲ್ಲೂ ಇವೆ. ಅವುಗಳನ್ನು ಕನ್ನಡದಲ್ಲಿ ಕೇಳುವ ಕಂಠ ಹತ್ತಿರದಲ್ಲಿದೆಯೇ ಎಂಬುದು ಬೇರೆಯ ಪ್ರಶ್ನೆ. ಹೊರನಾಡಿನ ಕನ್ನಡ ಸಂಘಗಳು ಕೂಸಿನ ನಾಮಕರಣಕ್ಕೆ ತುಂಬು ಸಂಖ್ಯೆಯಲ್ಲಿ ನೆರೆಯುತ್ತವೆ. ಅದಕ್ಕೆ ಮುಂಚಿನ ದಿನಗಳಲ್ಲಿ ಬಾಣಂತಿಯ ಬಳಿ ಹೋಗಿ ಕುಳಿತು ಅರ್ಧ ಗಂಟೆ ಮಾತಾಡುವ ಇಬ್ಬರು ಮೂವರು ಹಿರಿಯ ಹೆಂಗಸರನ್ನು ಒದಗಿಸುವುದು ಯಾವ ಸಂಘಕ್ಕೂ ಅಸಾಧ್ಯವಾದ ಕಾರ್ಯವಲ್ಲ. ಅಳು ವಾರಗಳು ಕಳೆದರೂ ನಿಲ್ಲದಿದ್ದರೆ, ನಿದ್ದೆಯೇ ಬಾರದಿದ್ದರೆ, ಮಾತು ತಪ್ಪುದಾರಿ ಹಿಡಿದರೆ ವೈದ್ಯರ ಬಳಿಗೆ ಕರೆದೊಯ್ಯಬೇಕೆಂಬ ತಿಳಿವಳಿಕೆ ಅವರಿಗಿದ್ದರೆ ಸಾಕು.

ಸುಶ್ರುತನು ಬಸುರಿಗೆ ಎರಡು ಹೃದಯಗಳನ್ನು ಕಂಡನು. ಹೆರಿಗೆಯಾದೊಡನೆ ಒಂದು ಹೃದಯ ತೊಟ್ಟಿಲಿಗೆ ಹೋಗುತ್ತದೆ; ಮನೆಯ ಗಮನವೆಲ್ಲ ಅದರ ಹಿಂದೆ ಹೋಗುತ್ತದೆ. ಕಾವೇರಿಯ ಕಥೆ ಹಿಂದೆ ಉಳಿದ ಹೃದಯದ ಕಥೆ. ಅದರ ಕಾರಣವನ್ನು ಹೇಳುವಲ್ಲಿ ಲೇಖಕಿ ತಮ್ಮ ಕಾಲದ ಶಾಸ್ತ್ರಕ್ಕೆ ಅಧೀನರಾದರು. ಅದರ ನೋವನ್ನು ಹೇಳುವಲ್ಲಿ ಕಾಲವನ್ನು ಮೀರಿದರು. ಊಟ ಸೇರಿತೇ ಎಂದು ಕೇಳಿದ ಮೇಲೆ, ಮನಸ್ಸು ಹೇಗಿದೆ ಎಂದೂ ಕೇಳಬೇಕೆಂಬ ವಿವೇಕವನ್ನು ಕನ್ನಡದ ಮನೆಗಳಿಗೆ ಕಲಿಸಬಲ್ಲ ಕೃತಿ ಇದೊಂದಾದರೂ ಇದೆ. ಆ ದೃಷ್ಟಿಯಿಂದ 'ಶರಪಂಜರ' ಮರಳಿ ಮರಳಿ ಓದಬೇಕಾದ ಗ್ರಂಥ.